ಹಳೇ ಕಂಪ್ಯೂಟರಿನಲ್ಲಿ ಡಿವಿಡಿ ಬ್ಯಾಕಪ್ ತೆವಳುತ್ತಿದೆಯಾ? ತಡೆ ಎಲ್ಲಿದೆ ಅಂತ ಹುಡುಕುವ ಕ್ರಮ

ಒಂದು ಡಿವಿಡಿ ಕಾಪಿ ಆಗಲು ಎರಡು ಗಂಟೆ ಹಿಡಿದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಸಿಪಿಯು ಡಬ್ಬವನ್ನು ಆಟೋದಲ್ಲಿ ಹಾಕಿಕೊಂಡು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡಿಗೆ ಹೋಗಿ ರ‍್ಯಾಮ್ ಹಾಕಿಸಿಕೊಂಡು ಬರುತ್ತಾರೆ. ಮನೆಗೆ ಬಂದು ನೋಡಿದರೆ ಮತ್ತೆ ಅದೇ ಎರಡು ಗಂಟೆ. ಡಿವಿಡಿಯನ್ನು ಇದ್ದ ಹಾಗೇ ನಕಲು ಮಾಡಲು ರ‍್ಯಾಮ್ ಜಾಸ್ತಿ ಬೇಕಾಗುವುದೇ ಇಲ್ಲ. 512 ಎಂಬಿ ರ‍್ಯಾಮ್ ಇರುವ ಪೆಂಟಿಯಂ 4 ಯಂತ್ರ ಕೂಡ 4.7 ಜಿಬಿಯ ಒಳ್ಳೇ ಡಿಸ್ಕನ್ನು ಹತ್ತು ನಿಮಿಷದ ಆಸುಪಾಸಿನಲ್ಲಿ ಓದಿ ಮುಗಿಸಬೇಕು. ಮುಗಿಸುತ್ತಿಲ್ಲ ಅಂದರೆ ಡಿಸ್ಕಿನಿಂದ ಹಾರ್ಡ್ ಡಿಸ್ಕಿನವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ತಡೆ ಇದೆ. ಆ ತಡೆ ಸಿಗುವ ತನಕ ಏನನ್ನೂ ಕೊಳ್ಳಬೇಡಿ.

ಇಲ್ಲಿ ಹೇಳುವುದೆಲ್ಲ ನಿಮ್ಮದೇ ಡಿಸ್ಕ್‌ಗಳ ಬಗ್ಗೆ. ಸ್ಟುಡಿಯೋದವರು ಕೊಟ್ಟ ಮದುವೆ, ಗೃಹಪ್ರವೇಶದ ಡಿವಿಡಿ, ಫೋಟೋ ಬರೆದಿಟ್ಟ ಡಿಸ್ಕ್, ಆಫೀಸಿನ ಹಳೇ ಲೆಕ್ಕಪತ್ರ, ಹೀಗೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳಲ್ಲಿ ಕಾಪಿ ತಡೆಯುವ ಬೀಗ ಇರುತ್ತದೆ. ಅದನ್ನು ಮುರಿಯುವುದು ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿಗೆ ಸಂಬಂಧಪಟ್ಟ ವಿಷಯ. ಅದು ಈ ಬರಹದಲ್ಲಿಲ್ಲ.

ಶುರು ಮಾಡುವ ಮುಂಚೆ ಬೇಕಾದ ಸಾಮಾನು

ಇಮ್ಜ್‌ಬರ್ನ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಅದರ ಕೊನೆಯ ಆವೃತ್ತಿ 2.5.8.0, ಬಂದದ್ದು 2013ರಲ್ಲಿ. ಎಕ್ಸ್‌ಪಿಯಿಂದ ವಿಂಡೋಸ್ 10ರವರೆಗೆ ಓಡುತ್ತದೆ. ಹಾಕುವಾಗ ಬರುವ ಪ್ರತಿ ಪರದೆಯನ್ನೂ ಓದಿ. ಬೇಡದ ಬೇರೆ ಸಾಫ್ಟ್‌ವೇರುಗಳನ್ನು ಜೊತೆಗೆ ತುರುಕುವ ಇನ್‌ಸ್ಟಾಲರ್‌ಗಳು ಓಡಾಡುತ್ತಿವೆ. ಹಾರ್ಡ್ ಡಿಸ್ಕ್ ಆರೋಗ್ಯ ನೋಡಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಇರಲಿ. ಇವೆರಡನ್ನೂ ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ. ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಸುರಕ್ಷಾ ಅಪ್‌ಡೇಟ್ ನಿಂತಿದೆ. ಹಾಗಾಗಿ ಹಳೇ ಯಂತ್ರವನ್ನು ಇಂಟರ್‌ನೆಟ್ಟಿನಿಂದ ದೂರ ಇಡುವುದೇ ಒಳ್ಳೆಯದು. ವೈಫೈ ತೆಗೆದರೆ ಹಿನ್ನೆಲೆಯಲ್ಲಿ ನಡೆಯುವ ಅರ್ಧ ಗಲಾಟೆಯೂ ನಿಲ್ಲುತ್ತದೆ.

ಇದಲ್ಲದೆ ಒಂದು ಸ್ಕ್ರೂಡ್ರೈವರ್, ನೂಲು ಬಿಡದ ಮೆತ್ತನೆಯ ಬಟ್ಟೆ, ಗೀರಿಲ್ಲದ ಒಂದು ಡಿವಿಡಿ, ಒಂದು ಕಾಗದ, ಪೆನ್ನು. ಪೆನ್ನು ಯಾಕೆ ಅಂದರೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ ಮೇಲೆ ಎಷ್ಟು ವೇಗ ಬಂತು ಅಂತ ಬರೆದುಕೊಳ್ಳಬೇಕು. ಐದು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಕೆಟ್ಟಾಗ ಮೊದಲಿಂದ ಹುಡುಕಬೇಕಾಗುತ್ತದೆ.

ಹಂತ 1: ನಿಧಾನ ಅಂದರೆ ಎಷ್ಟು ಅಂತ ಅಳೆಯಿರಿ

ಡಿವಿಡಿಯ 1ಎಕ್ಸ್ ವೇಗ ಅಂದರೆ ಸೆಕೆಂಡಿಗೆ ಸುಮಾರು 1,385 ಕೆಬಿ. ಸಿಡಿಯ 1ಎಕ್ಸ್ ಬರೀ 150 ಕೆಬಿ. ಎರಡನ್ನೂ ಕಲಸಿಕೊಂಡು "ಸಿಡಿ 52ಎಕ್ಸ್‌ನಲ್ಲಿ ಓಡುತ್ತೆ, ಡಿವಿಡಿ ಮಾತ್ರ 8ಎಕ್ಸ್" ಅಂತ ಗಾಬರಿಯಾಗುವವರಿದ್ದಾರೆ. ಡಿವಿಡಿಯ 8ಎಕ್ಸ್ ಅಂದರೆ ಸೆಕೆಂಡಿಗೆ 11 ಎಂಬಿ. 52ಎಕ್ಸ್ ಸಿಡಿಗಿಂತ ಅದೇ ಜಾಸ್ತಿ.

ತುಂಬಿದ 4.7 ಜಿಬಿ ಡಿಸ್ಕಿಗೆ 16ಎಕ್ಸ್ ಡ್ರೈವಿನಲ್ಲಿ 5ರಿಂದ 7 ನಿಮಿಷ, 8ಎಕ್ಸ್‌ನಲ್ಲಿ 8ರಿಂದ 10, 4ಎಕ್ಸ್‌ನಲ್ಲಿ ಕಾಲು ಗಂಟೆ, 2ಎಕ್ಸ್‌ನಲ್ಲಿ ಅರ್ಧ ಗಂಟೆ, 1ಎಕ್ಸ್‌ನಲ್ಲಿ ಒಂದು ಗಂಟೆ ಅಂತ ಲೆಕ್ಕ ಇಟ್ಟುಕೊಳ್ಳಿ. ಎರಡು ಪದರದ 8.5 ಜಿಬಿ ಡಿಸ್ಕಿಗೆ ಇದರ ಎರಡರಷ್ಟು, ಕೆಲವು ಸಲ ಇನ್ನೂ ಜಾಸ್ತಿ. ಯಾಕೆಂದರೆ ತುಂಬಾ ಡ್ರೈವ್‌ಗಳು ಎರಡು ಪದರದ ಡಿಸ್ಕನ್ನು ಬೇಕೆಂದೇ ನಿಧಾನವಾಗಿ ಓದುತ್ತವೆ.

ಈಗ ಗೀರಿಲ್ಲದ ಡಿಸ್ಕನ್ನು ಹಾಕಿ. ಇಮ್ಜ್‌ಬರ್ನ್‌ನಲ್ಲಿ 'ಕ್ರಿಯೇಟ್ ಇಮೇಜ್ ಫೈಲ್ ಫ್ರಂ ಡಿಸ್ಕ್' ಆರಿಸಿ ಓಡಿಸಿ. ಕಿಟಕಿಯ ಕೆಳಗೆ ಓದುವ ವೇಗ ಕಾಣುತ್ತದೆ. ಸುಮ್ನೆ ಕೊನೆಯ ಸರಾಸರಿ ನೋಡಿದರೆ ಸಾಲದು. ಶುರುವಿನಲ್ಲಿ, ಅರ್ಧದಲ್ಲಿ, ಕೊನೆಯಲ್ಲಿ ಎಷ್ಟಿತ್ತು ಅಂತ ಬರೆದುಕೊಳ್ಳಿ. ಆಮೇಲೆ ತೊಂದರೆ ಕೊಡುತ್ತಿರುವ ಡಿಸ್ಕನ್ನೂ ಹಾಗೇ ಓಡಿಸಿ. ವಿಂಡೋಸ್ ತೋರಿಸುವ 'ಇನ್ನು ಇಷ್ಟು ನಿಮಿಷ' ಎಂಬ ಅಂದಾಜನ್ನು ನಂಬಬೇಡಿ. ಅದು ಕ್ಷಣಕ್ಕೊಂದು ಮಾತಾಡುತ್ತದೆ.

ಹಂತ 2: ವೇಗದ ನಡಿಗೆ ನೋಡಿ ರೋಗ ಗುರುತಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಬರೆದುಕೊಂಡ ಅಂಕಿಗಳನ್ನು ಒಮ್ಮೆ ನೋಡಿ.

ವೇಗ 6 ಅಥವಾ 7ಎಕ್ಸ್‌ನಿಂದ ಶುರುವಾಗಿ ಮೆಲ್ಲಗೆ ಏರುತ್ತಾ ಕೊನೆಗೆ 14, 16ಎಕ್ಸ್ ಮುಟ್ಟಿದರೆ ನಿಮ್ಮ ಯಂತ್ರ ಸರಿಯಾಗಿದೆ. ಡ್ರೈವ್ ಡಿಸ್ಕನ್ನು ಒಳಗಿನಿಂದ ಹೊರಗೆ ಓದುತ್ತದೆ. ತಿರುಗುವ ವೇಗ ಒಂದೇ ಇದ್ದರೂ ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಜಾಸ್ತಿ ಡೇಟಾ ಸಿಗುತ್ತದೆ. ಡಬ್ಬದ ಮೇಲೆ ಬರೆದ 16ಎಕ್ಸ್ ಆ ಕೊನೆಯ ಅಂಚಿನ ವೇಗ ಮಾತ್ರ.

ಮೊದಲಿಂದ ಕೊನೆಯವರೆಗೂ ಒಂದೇ ಸಣ್ಣ ಅಂಕಿಯಲ್ಲಿ, ಅಂದರೆ 1ಎಕ್ಸ್ ಅಥವಾ 2ಎಕ್ಸ್‌ನಲ್ಲಿ ಅಲ್ಲಾಡದೆ ನಿಂತಿದ್ದರೆ ಯಾರೋ ಮಿತಿ ಹಾಕಿದ್ದಾರೆ ಅಂತ ಅರ್ಥ. ಹಂತ 4ಕ್ಕೆ ಅಥವಾ 5ಕ್ಕೆ ಹೋಗಿ.

ಚೆನ್ನಾಗಿ ಓಡುತ್ತಿದ್ದದ್ದು ಒಂದು ಜಾಗಕ್ಕೆ ಬಂದ ತಕ್ಷಣ ಕುಸಿದು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಎದ್ದರೆ ತಪ್ಪು ಡಿಸ್ಕಿನದು. ಮತ್ತೊಮ್ಮೆ ಓಡಿಸಿದಾಗಲೂ ಅದೇ ಜಾಗದಲ್ಲಿ ಬಿದ್ದರೆ ಸಂಶಯವೇ ಬೇಡ. ಹಂತ 3 ನಿಮಗೆ.

ಇಡೀ ಹೊತ್ತು ಏರಿಳಿತ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ? ಹಾರ್ಡ್ ಡಿಸ್ಕ್, ಬಿಸಿ ಅಥವಾ ಹಿನ್ನೆಲೆಯಲ್ಲಿ ಓಡುತ್ತಿರುವ ಬೇರೆ ಕೆಲಸ. ಹಂತ 6 ಮತ್ತು 7.

ಇನ್ನೊಂದು ಮಾತು. ಕಾಪಿ ಬೇರೆ, ಕುಗ್ಗಿಸುವುದು ಬೇರೆ. 8.5 ಜಿಬಿ ವಿಡಿಯೋವನ್ನು 4.7 ಜಿಬಿಗೆ ಇಳಿಸುವ, ಅಥವಾ ಎಂಪಿ4 ಮಾಡುವ ಸಾಫ್ಟ್‌ವೇರ್ ಓಡಿಸುತ್ತಿದ್ದರೆ ಅಲ್ಲಿ ಪ್ರೊಸೆಸರ್ ಪ್ರತಿ ಚಿತ್ರವನ್ನೂ ಹೊಸದಾಗಿ ಲೆಕ್ಕ ಹಾಕುತ್ತದೆ. ಹಳೇ ಯಂತ್ರದಲ್ಲಿ ಅದಕ್ಕೆ ಗಂಟೆಗಟ್ಟಲೆ ಹಿಡಿಯುವುದು ಸಹಜ, ಯಾವ ಕೇಬಲ್ ಬದಲಿಸಿದರೂ ಪ್ರಯೋಜನವಿಲ್ಲ. ಹಳೇ ಕಂಪ್ಯೂಟರಿನಲ್ಲಿ ಬರೀ ಐಎಸ್‌ಒ ಫೈಲ್, ಅಂದರೆ ಇಡೀ ಡಿಸ್ಕಿನ ನಕಲು ಇರುವ ಒಂದೇ ಫೈಲ್ ಮಾಡಿಕೊಳ್ಳಿ. ಕುಗ್ಗಿಸುವ ಕೆಲಸವನ್ನು ಮನೆಯಲ್ಲಿರುವ ಹೊಸ ಲ್ಯಾಪ್‌ಟಾಪಿಗೆ ಬಿಡಿ.

ಹಂತ 3: ಡಿಸ್ಕ್ ನೋಡಿ, ಒರೆಸಿ, ಬೇಕಾದರೆ ವೇಗ ಇಳಿಸಿ

ಡಿಸ್ಕನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಬೆರಳಿನ ಗುರುತು, ಎಣ್ಣೆ ಜಿಡ್ಡು, ಅಟ್ಟದ ಮೇಲೆ ತೇವದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇದ್ದದ್ದಾದರೆ ಬೂಷ್ಟಿನ ಮಬ್ಬು ಕಾಣಬಹುದು. ಮೆತ್ತನೆಯ ಬಟ್ಟೆಯನ್ನು ಚೂರು ಒದ್ದೆ ಮಾಡಿ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ದುಂಡಗೆ ಒರೆಸಬೇಡಿ. ಡೇಟಾ ಸುತ್ತು ಸುತ್ತಾಗಿ ಇರುತ್ತದೆ. ದುಂಡಗೆ ಗೀರು ಬಿದ್ದರೆ ಒಂದೇ ಕಡೆಯ ಡೇಟಾ ಉದ್ದಕ್ಕೂ ಹೋಗುತ್ತದೆ. ಅಡ್ಡಗೀರನ್ನಾದರೆ ಡ್ರೈವಿನ ತಪ್ಪು ತಿದ್ದುವ ಲೆಕ್ಕವೇ ನಿಭಾಯಿಸಿಕೊಳ್ಳುತ್ತದೆ. ಜಿಡ್ಡು ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಸಾಕು. ಥಿನ್ನರ್, ಪೆಟ್ರೋಲ್, ಟೂತ್‌ಪೇಸ್ಟ್ ಬೇಡ.

ಮದುವೆ ಡಿವಿಡಿಗಳಲ್ಲಿ ಇನ್ನೊಂದು ಪೀಡೆ ಇದೆ: ವಧೂವರರ ಫೋಟೋ ಇರುವ ದುಂಡನೆಯ ಸ್ಟಿಕ್ಕರ್. ಅದು ಒಂದು ಕಡೆ ಸರಿದು ಅಂಟಿದ್ದರೆ ಡಿಸ್ಕಿನ ತೂಕ ಸಮವಾಗಿರುವುದಿಲ್ಲ. ವೇಗವಾಗಿ ತಿರುಗುವಾಗ ಅದು ಅಲುಗುತ್ತದೆ, ಡ್ರೈವ್ ಗುಂಯ್ ಅಂತ ಶಬ್ದ ಮಾಡುತ್ತದೆ, ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಹಾಗಂತ ಸ್ಟಿಕ್ಕರ್ ಕೀಳಲು ಹೋಗಬೇಡಿ. ಡಿವಿಡಿ ಅಂದರೆ ಎರಡು ತೆಳು ಪ್ಲಾಸ್ಟಿಕ್ ತಟ್ಟೆಗಳನ್ನು ಅಂಟಿಸಿದ್ದು. ಎಳೆದರೆ ಬಾಗುತ್ತದೆ, ಕೆಲವು ಸಲ ಬಿಟ್ಟುಕೊಳ್ಳುತ್ತದೆ. ಬಿಳಿ ಡಿಸ್ಕಿನ ಮೇಲೆ ನೇರವಾಗಿ ಪ್ರಿಂಟ್ ಮಾಡಿದ್ದರೆ ಈ ತೊಂದರೆ ಇಲ್ಲ.

ಓದಲಾಗದ ಜಾಗ ಬಂದಾಗ ಡ್ರೈವ್ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಪ್ರತಿ ಸಲವೂ ನಿಧಾನಕ್ಕೆ ಇಳಿದು, ಮತ್ತೆ ವೇಗ ಹಿಡಿಯಬೇಕು. ಅಲ್ಲೇ ಹೊತ್ತು ಹೋಗುವುದು. ಇಮ್ಜ್‌ಬರ್ನ್‌ನಲ್ಲಿ ಓದುವ ವೇಗವನ್ನು 'ಮ್ಯಾಕ್ಸ್' ಬಿಟ್ಟು 4ಎಕ್ಸ್‌ಗೆ ಇಳಿಸಿ ನೋಡಿ. ಹಾಳಾದ ಡಿಸ್ಕ್‌ಗಳು ಎಷ್ಟೋ ಸಲ 16ಎಕ್ಸ್‌ಗಿಂತ 4ಎಕ್ಸ್‌ನಲ್ಲಿ ಬೇಗ ಮುಗಿಯುತ್ತವೆ. ಕೇಳಲು ವಿಚಿತ್ರ ಅನಿಸುತ್ತೆ ಅಲ್ವಾ? ಡ್ರೈವ್ ಒಂದೇ ವೇಗದಲ್ಲಿ ನಿಂತರೆ ಏಳುಬೀಳು ಕಡಿಮೆ, ಮೊದಲ ಸಲವೇ ಓದಿಕೊಳ್ಳುವುದು ಜಾಸ್ತಿ.

ಅದಕ್ಕೂ ಬಗ್ಗದ ಡಿಸ್ಕಿಗೆ ಲಿನಕ್ಸಿನಲ್ಲಿ ಓಡುವ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ಇದೆ. ಅದು ಮೊದಲು ಸುಲಭವಾಗಿ ಸಿಗುವ ಭಾಗವನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು, ಅವಕ್ಕೆ ಕೊನೆಯಲ್ಲಿ ಕೈ ಹಾಕುತ್ತದೆ. ಆ ಪಟ್ಟಿ ಇದ್ದರೆ ಅದೇ ಡಿಸ್ಕನ್ನು ನಾಳೆ ಬೇರೆ ಡ್ರೈವಿನಲ್ಲಿ ಹಾಕಿ ಉಳಿದ ತುಂಡುಗಳನ್ನು ಮಾತ್ರ ಓದಿಸಬಹುದು. ಒಂದು ಡ್ರೈವ್ ಓದದ ಜಾಗವನ್ನು ಇನ್ನೊಂದು ಓದಿಬಿಡುವುದು ಮಾಮೂಲು. ಪಕ್ಕದ ಮನೆಯ ಹಳೇ ಲ್ಯಾಪ್‌ಟಾಪ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಎಚ್ಚರಿಕೆ: ನಡುವಿನ ತೂತಿನ ಹತ್ತಿರ ಬಿರುಕು ಕಂಡರೆ ಆ ಡಿಸ್ಕನ್ನು ಜೋರಾಗಿ ತಿರುಗಿಸಲೇಬೇಡಿ. 16ಎಕ್ಸ್‌ನಲ್ಲಿ ಡಿಸ್ಕ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಒಡೆದರೆ ಡ್ರೈವಿನೊಳಗೇ ಚೂರುಚೂರು.

ಹಂತ 4: ಡ್ರೈವ್ ಪಿಐಒ ಮೋಡಿಗೆ ಬಿದ್ದಿದೆಯಾ ನೋಡಿ

ಅಗಲ ರಿಬ್ಬನ್ ಕೇಬಲ್ ಇರುವ, ಅಂದರೆ ಐಡಿಇ ಡ್ರೈವ್ ಇರುವ ಯಂತ್ರಗಳಲ್ಲಿ ನಾನು ಮೊದಲು ಸಂಶಯಪಡುವುದು ಇದನ್ನೇ. ಸರಿಯಾಗಿದ್ದಾಗ ಡ್ರೈವ್ ಡಿಎಂಎ ಎಂಬ ರೀತಿಯಲ್ಲಿ ಡೇಟಾವನ್ನು ನೇರವಾಗಿ ಮೆಮೊರಿಗೆ ಕಳಿಸುತ್ತದೆ, ಪ್ರೊಸೆಸರಿಗೆ ಕೆಲಸವಿಲ್ಲ. ಪಿಐಒ ರೀತಿಯಲ್ಲಿ ಪ್ರತಿ ತುಣುಕನ್ನೂ ಪ್ರೊಸೆಸರೇ ಹೊತ್ತು ಹಾಕಬೇಕು. ಕಟ್ಟಡದ ಕೆಲಸಕ್ಕೆ ಬಂದ ಮೇಸ್ತ್ರಿಯೇ ಇಟ್ಟಿಗೆ ಹೊರಲು ನಿಂತ ಹಾಗೆ.

ಡ್ರೈವ್ ಪಿಐಒಗೆ ಬೀಳುವುದು ಹೇಗೆ? ವಿಂಡೋಸ್ 2000 ಮತ್ತು ಎಕ್ಸ್‌ಪಿ, ಡ್ರೈವಿನಿಂದ ಡೇಟಾ ಬರುವಾಗ ಆಗುವ ತಪ್ಪುಗಳನ್ನು ಎಣಿಸುತ್ತಾ ಹೋಗುತ್ತವೆ. ಒಟ್ಟು ಆರು ತಪ್ಪಾದರೆ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತವೆ. ಇಳಿಸುತ್ತಾ ಕೊನೆಗೆ ಪಿಐಒಗೆ ತಂದು ನಿಲ್ಲಿಸುತ್ತವೆ, ತಾವಾಗಿ ಮತ್ತೆ ಏರಿಸುವುದಿಲ್ಲ. ಅಂದರೆ ಎಂದೋ ಹಾಕಿದ ಒಂದು ಗೀರುಬಿದ್ದ ಡಿಸ್ಕಿನಿಂದಾಗಿ ಇವತ್ತಿಗೂ ಎಲ್ಲ ಡಿಸ್ಕ್‌ಗಳೂ ನಿಧಾನ. "ಮೊದಲು ಚೆನ್ನಾಗಿತ್ತು, ಒಂದು ದಿನ ಇದ್ದಕ್ಕಿದ್ದ ಹಾಗೆ ಹೀಗಾಯ್ತು" ಅಂತ ಯಾರಾದರೂ ಹೇಳಿದರೆ ಮುಕ್ಕಾಲು ಪಾಲು ಇದೇ.

ಗುರುತು ಸುಲಭ. ಡಿಸ್ಕ್ ಓದುವಾಗ ಮೌಸ್ ಬಾಣ ತಡವರಿಸುತ್ತದೆ, ಹಾಡು ಹಾಕಿದರೆ ಕತ್ತರಿಸುತ್ತದೆ, ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ನೂರರ ಹತ್ತಿರ ಇರುತ್ತದೆ, ಆದರೆ ಪಟ್ಟಿಯಲ್ಲಿ ಅಷ್ಟು ತಿನ್ನುವ ಪ್ರೋಗ್ರಾಂ ಯಾವುದೂ ಕಾಣುವುದಿಲ್ಲ.

ನೋಡುವ ಕ್ರಮ ಹೀಗೆ. ಮೈ ಕಂಪ್ಯೂಟರ್ ಮೇಲೆ ಬಲ ಕ್ಲಿಕ್, ಮ್ಯಾನೇಜ್, ಡಿವೈಸ್ ಮ್ಯಾನೇಜರ್. ಅದರಲ್ಲಿ 'ಐಡಿಇ ಎಟಿಎ ಎಟಿಎಪಿಐ ಕಂಟ್ರೋಲರ್ಸ್' ತೆರೆಯಿರಿ. 'ಪ್ರೈಮರಿ' ಮತ್ತು 'ಸೆಕೆಂಡರಿ' ಚಾನೆಲ್‌ಗಳು ಕಾಣುತ್ತವೆ. ಡಿವಿಡಿ ಡ್ರೈವ್ ಸಾಮಾನ್ಯವಾಗಿ ಸೆಕೆಂಡರಿಯಲ್ಲಿ. ಅದರ ಪ್ರಾಪರ್ಟೀಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋಗಿ. ಈಗಿನ ಮೋಡ್ 'ಅಲ್ಟ್ರಾ ಡಿಎಂಎ' 2 ಅಥವಾ 4 ಅಂತ ಇದ್ದರೆ ಸರಿ. 'ಪಿಐಒ' ಅಂತ ಇದ್ದರೆ ಕಳ್ಳ ಸಿಕ್ಕಿದ.

ಎಕ್ಸ್‌ಪಿಯಲ್ಲಿ ಮೊದಲು ಮೇಲಿನ ಆಯ್ಕೆ 'ಡಿಎಂಎ ಇಫ್ ಅವೈಲಬಲ್' ಅಂತ ಇದೆಯಾ ನೋಡಿ. ಇದ್ದೂ ಪಿಐಒ ತೋರಿಸುತ್ತಿದ್ದರೆ ಆ ಚಾನೆಲ್ ಮೇಲೆ ಬಲ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ವಿಂಡೋಸ್ ಚಾನೆಲನ್ನು ಹೊಸದಾಗಿ ಹುಡುಕಿ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತದೆ. ಕೆಲವೊಮ್ಮೆ ಎರಡನೇ ಸಲ ರೀಸ್ಟಾರ್ಟ್ ಕೇಳುತ್ತದೆ, ಕೊಡಿ. ಹಾರ್ಡ್ ಡಿಸ್ಕ್ ಇರುವ ಚಾನೆಲಿನಲ್ಲೂ ಇದೇ ನೋಡಿ. ಅದೇ ಪಿಐಒಗೆ ಬಿದ್ದಿದ್ದರೆ ಇಡೀ ಕಂಪ್ಯೂಟರೇ ತೆವಳುತ್ತಿರುತ್ತದೆ.

ಕೆಲವು ದಿನದಲ್ಲಿ ಮತ್ತೆ ಪಿಐಒಗೆ ಬಿದ್ದರೆ ಕೇಬಲ್ ಬದಲಿಸಿ. ತಂತಿಗಳು ಸಣ್ಣಗೆ, ಒತ್ತಾಗಿ ಇರುವ 80 ತಂತಿಯ ಕೇಬಲ್ ಕೇಳಿ ತನ್ನಿ. ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರ್ ಡ್ರೈವಿಗೆ, ನಡುವಿನ ಬೂದು ಬಣ್ಣದ್ದು ಸ್ಲೇವಿಗೆ. ಸಾಧ್ಯವಾದರೆ ಹಾರ್ಡ್ ಡಿಸ್ಕಿಗೆ ಒಂದು ಕೇಬಲ್, ಡಿವಿಡಿಗೆ ಇನ್ನೊಂದು ಇರಲಿ. ಒಂದೇ ಕೇಬಲಿನ ಮೇಲೆ ಎರಡೂ ಇದ್ದರೆ ಒಂದು ಸಲಕ್ಕೆ ಒಂದೇ ಮಾತಾಡಬಲ್ಲದು. ಕಾಪಿ ಮಾಡುವಾಗ ಎರಡೂ ಮಾತಾಡಬೇಕಲ್ಲ.

ಬಯೋಸ್‌ಗೆ, ಅಂದರೆ ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ ಪರದೆಗೆ ಹೋಗಿ ಸಾಟಾ (ತೆಳು ಕೇಬಲಿನ ಹೊಸ ಡ್ರೈವ್‌ಗಳ) ಮೋಡನ್ನು ಐಡಿಇಯಿಂದ ಎಎಚ್‌ಸಿಐಗೆ ಬದಲಿಸಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಡ್ರೈವರ್ ಮೊದಲೇ ಹಾಕದೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಹಾಗಾದರೆ ಬಯೋಸ್‌ಗೆ ಹೋಗಿ ಹಳೇ ಮೋಡನ್ನೇ ಹಾಕಿ, ವಿಂಡೋಸ್ ಮತ್ತೆ ಏಳುತ್ತದೆ. ಹೇಗೂ ಡಿವಿಡಿ ವೇಗಕ್ಕೆ ಆ ಬದಲಾವಣೆ ಬೇಕಿಲ್ಲ.

ಹಂತ 5: ಹೊರಗಿನ ಯುಎಸ್‌ಬಿ ಡ್ರೈವ್ ಆದರೆ ಪೋರ್ಟ್ ನೋಡಿ

ಯುಎಸ್‌ಬಿ 1.1 ಪೋರ್ಟಿನ ಮಿತಿ ಸೆಕೆಂಡಿಗೆ 12 ಮೆಗಾಬಿಟ್. ಕೈಗೆ ಸಿಗುವುದು ಒಂದು ಎಂಬಿಯ ಆಸುಪಾಸು, ಡಿವಿಡಿಯ 1ಎಕ್ಸ್‌ಗೂ ಸಾಲದು. ತುಂಬಿದ ಡಿಸ್ಕಿಗೆ ಒಂದೂಕಾಲು ಗಂಟೆಯ ಮೇಲಾಗುತ್ತದೆ. ಡ್ರೈವ್ ಹಾಕಿದಾಗ 'ಈ ಸಾಧನ ಇನ್ನೂ ವೇಗವಾಗಿ ಓಡಬಲ್ಲದು' ಎಂಬ ಅರ್ಥದ ಗುಳ್ಳೆ ಮೂಲೆಯಲ್ಲಿ ಬಂದರೆ ಇದೇ ಕಾರಣ. ಅದನ್ನು ಮುಚ್ಚಿ ಮರೆತುಬಿಡುವವರೇ ಜಾಸ್ತಿ.

ಡಿವೈಸ್ ಮ್ಯಾನೇಜರಿನ ಯುಎಸ್‌ಬಿ ಪಟ್ಟಿಯಲ್ಲಿ 'ಎನ್‌ಹಾನ್ಸ್ಡ್ ಹೋಸ್ಟ್ ಕಂಟ್ರೋಲರ್' ಎಂಬ ಸಾಲು ಇದೆಯಾ ನೋಡಿ. ಇದ್ದರೆ ಯುಎಸ್‌ಬಿ 2.0 ಇದೆ ಅಂತ. ಬರೀ 'ಯೂನಿವರ್ಸಲ್' ಅಥವಾ 'ಓಪನ್' ಅಂತ ಮಾತ್ರ ಇದ್ದರೆ, ಮದರ್‌ಬೋರ್ಡಿನ ಡ್ರೈವರ್ ಹಾಕಿಲ್ಲ, ಇಲ್ಲವೇ ಪೋರ್ಟ್‌ಗಳೇ 1.1. ಎರಡನೆಯದಾದರೆ ಖಾಲಿ ಪಿಸಿಐ ಸ್ಲಾಟಿಗೆ ಯುಎಸ್‌ಬಿ 2.0 ಕಾರ್ಡ್ ಹಾಕಿಸಬಹುದು.

ಡ್ರೈವನ್ನು ಸಿಪಿಯು ಹಿಂಬದಿಯ ಪೋರ್ಟಿಗೆ ನೇರವಾಗಿ ಚುಚ್ಚಿ. ಮುಂದಿನ ಪೋರ್ಟ್‌ಗಳ ಒಳಗಿನ ತಂತಿ ಎಷ್ಟೋ ಕಡೆ ಸಡಿಲ. ಹಬ್ ಅಂತೂ ಬೇಡವೇ ಬೇಡ. ತೆಳ್ಳನೆಯ ಡ್ರೈವ್‌ಗಳು ಕರೆಂಟನ್ನೂ ಅದೇ ಪೋರ್ಟಿನಿಂದ ಎಳೆಯುತ್ತವೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್ ಮಾತ್ರ. ಡಿಸ್ಕ್ ತಿರುಗಲು ಶುರುವಾಗಿ ನಿಂತು, ಮತ್ತೆ ಶುರುವಾಗಿ ನಿಂತು ಮಾಡುತ್ತಿದ್ದರೆ ಕರೆಂಟ್ ಸಾಲುತ್ತಿಲ್ಲ. ಎರಡು ಪ್ಲಗ್ ಇರುವ ವೈ ಕೇಬಲ್ ಹಾಕಿ. ಓದುವ ಡ್ರೈವ್ ಯುಎಸ್‌ಬಿಯಲ್ಲಿದ್ದರೆ ಫೈಲನ್ನು ಕಂಪ್ಯೂಟರಿನ ಒಳಗಿನ ಹಾರ್ಡ್ ಡಿಸ್ಕಿಗೇ ಇಳಿಸಿ, ಆಮೇಲೆ ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿ.

ಪೋರ್ಟೂ ಸರಿ, ಡಿಎಂಎಯೂ ಸರಿ, ಡೇಟಾ ಡಿಸ್ಕ್ ಬೇಗ ಓದುತ್ತೆ, ವಿಡಿಯೋ ಡಿಸ್ಕ್ ಮಾತ್ರ 2ಎಕ್ಸ್‌ನಲ್ಲಿ ನಿಲ್ಲುತ್ತೆ ಅಂದರೆ? ಕೆಲವು ಡ್ರೈವ್‌ಗಳು ವಿಡಿಯೋ ಡಿಸ್ಕ್ ಅಂತ ಗೊತ್ತಾದ ಕೂಡಲೇ ಶಬ್ದ ಕಡಿಮೆ ಮಾಡಲು ತಾವೇ ವೇಗ ಕಟ್ಟಿಹಾಕುತ್ತವೆ. ಇದು ತಯಾರಕರೇ ಇಟ್ಟ ಗುಣ. ಫರ್ಮ್‌ವೇರ್, ಅಂದರೆ ಡ್ರೈವಿನೊಳಗಿನ ಸಾಫ್ಟ್‌ವೇರ್ ಬದಲಿಸಿ ಇದನ್ನು ತೆಗೆಯಬಹುದು ಅಂತ ಹೇಳುತ್ತಾರೆ. ನಡುವೆ ಕರೆಂಟ್ ಹೋದರೆ ಡ್ರೈವ್ ಸತ್ತಂತೆಯೇ. ಡಿಸ್ಕಿಗೆ ಅರ್ಧ ಗಂಟೆ ಆಗುತ್ತದೆ ಅಂತ ಒಪ್ಪಿಕೊಂಡು ಅಡುಗೆಮನೆ ಕೆಲಸ ನೋಡಿಕೊಳ್ಳುವುದು ವಾಸಿ.

ಹಂತ 6: ಹಾರ್ಡ್ ಡಿಸ್ಕ್ ಬರೆದುಕೊಳ್ಳಲು ಸಿದ್ಧವಿದೆಯಾ?

ಒಂದು ಡಿಸ್ಕಿಗೆ 5 ಜಿಬಿ, ಎರಡು ಪದರದ್ದಾದರೆ 9 ಜಿಬಿ ಖಾಲಿ ಜಾಗ ಬೇಕು. ಇದು ಕನಿಷ್ಠ. ಡ್ರೈವಿನಲ್ಲಿ ಶೇಕಡಾ 15ರಷ್ಟಾದರೂ ಖಾಲಿ ಇದ್ದರೆ ಮಾತ್ರ ವಿಂಡೋಸಿನ ಡಿಫ್ರಾಗ್ (ಚದುರಿದ ಫೈಲ್ ತುಂಡುಗಳನ್ನು ಒಂದೆಡೆ ಸೇರಿಸುವ ಸಾಧನ) ಸರಿಯಾಗಿ ಓಡುತ್ತದೆ. ಹಳೇ ಯಂತ್ರದಲ್ಲಿ ಬೇಡದ್ದನ್ನು ತೆಗೆದು ಒಂದು ರಾತ್ರಿ ಡಿಫ್ರಾಗ್ ಓಡಿಸಿ.

ಕಾಪಿ ಸುಮಾರು 4 ಜಿಬಿಗೆ ಬಂದು ನಿಂತುಹೋದರೆ, ಅಥವಾ ಜಾಗವಿದ್ದರೂ 'ಜಾಗವಿಲ್ಲ' ಅಂತ ಹೇಳಿದರೆ ಆ ಡ್ರೈವ್ ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟಿನಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಇರುವ ಡ್ರೈವಿಗೆ ಬರೆಯಿರಿ.

ಕ್ರಿಸ್ಟಲ್ ಡಿಸ್ಕ್ ಇನ್ಫೋ ತೆರೆದು ಮೂರು ಸಾಲು ನೋಡಿ. 05 ಅಂದರೆ ಕೆಟ್ಟು ಬದಲಾದ ಜಾಗಗಳು, ಸಿ5 ಅಂದರೆ ಈಗ ಓದಲು ತಡವರಿಸುತ್ತಿರುವ ಜಾಗಗಳು, ಸಿ7 ಅಂದರೆ ಕೇಬಲಿನಲ್ಲಿ ಆದ ತಪ್ಪುಗಳು. ಸಿ7 ಏರುತ್ತಿದ್ದರೆ ಕೇಬಲ್ ಬದಲಿಸಿ. ಸಿ5 ಸೊನ್ನೆಗಿಂತ ಜಾಸ್ತಿ ಇದ್ದು ಹಳದಿ ಬಣ್ಣ ಬಂದಿದ್ದರೆ ಡಿವಿಡಿ ಕೆಲಸ ಅಲ್ಲಿಗೇ ನಿಲ್ಲಿಸಿ. ಮೊದಲು ಹಾರ್ಡ್ ಡಿಸ್ಕಿನಲ್ಲಿರುವ ಫೋಟೋಗಳನ್ನು ಬೇರೆ ಕಡೆ ಇಳಿಸಿ. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಶಬ್ದ ಬರುತ್ತಿದ್ದರೂ ಅಷ್ಟೇ. ಅಂಥ ಹಾರ್ಡ್ ಡಿಸ್ಕಿನ ಮೇಲೆ ಡಿಫ್ರಾಗ್ ಓಡಿಸಬೇಡಿ.

ಹಂತ 7: ಹಿನ್ನೆಲೆ ಕೆಲಸ ಮತ್ತು ಧೂಳು

ಆಂಟಿವೈರಸ್ ಪೂರ್ತಿ ಸ್ಕ್ಯಾನ್ ನಡೆಸುತ್ತಿರುವಾಗ ಕಾಪಿ ಮಾಡಬೇಡಿ. ಬ್ರೌಸರ್ ಮುಚ್ಚಿ. ಇದಕ್ಕಿಂತ ಜಾಸ್ತಿ ಇಲ್ಲಿ ಹೇಳುವುದಿಲ್ಲ.

ಧೂಳಿನ ಮಾತು ಬೇರೆ. ಬೆಂಗಳೂರಿನಲ್ಲಿ ಎದುರಿಗೊಂದು ಕಟ್ಟಡ ಏಳುತ್ತಿದ್ದರೆ, ಇಲ್ಲವೇ ರಸ್ತೆ ಅಗೆದಿದ್ದರೆ ವರ್ಷದೊಳಗೆ ಪ್ರೊಸೆಸರ್ ಫ್ಯಾನಿನ ಕೆಳಗೆ ಕಂಬಳಿ ಹೊದಿಸಿದಷ್ಟು ಧೂಳು ಕೂತಿರುತ್ತದೆ. ಬಿಸಿ ಏರಿದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಡಿಸ್ಕ್ ಬೇಗ, ಮೂರನೆಯದು ನಿಧಾನ, ಅರ್ಧ ಗಂಟೆ ಆಫ್ ಮಾಡಿ ಶುರು ಮಾಡಿದರೆ ಮತ್ತೆ ಬೇಗ ಅಂತಾದರೆ ಬಿಸಿಯೇ ಕಾರಣ.

ಪ್ಲಗ್ ತೆಗೆದು, ಡಬ್ಬವನ್ನು ಬಾಲ್ಕನಿಗೆ ಒಯ್ದು ಪಕ್ಕದ ತಗಡು ಬಿಚ್ಚಿ. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರಿನಿಂದ ಊದಿ, ಪೇಂಟ್ ಬ್ರಷ್ಷಿನಿಂದ ಮೂಲೆ ಬಿಡಿಸಿ. ಒದ್ದೆ ಬಟ್ಟೆ ಒಳಗೆ ತಾಗಿಸಬೇಡಿ. ಹಾಗೇ ಮದರ್‌ಬೋರ್ಡ್ ಮೇಲೆ ನಿಂತಿರುವ ಸಣ್ಣ ಕೊಳವೆಯಂಥ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸುರಿದಿದ್ದರೆ ಆ ಬೋರ್ಡ್ ಯಾವಾಗ ಬೇಕಾದರೂ ನಿಲ್ಲಬಹುದು. ಅಂಥ ಯಂತ್ರದಲ್ಲಿ ವೇಗ ಹುಡುಕುತ್ತಾ ಕೂರಬೇಡಿ, ಡೇಟಾ ಹೊರಗೆ ತನ್ನಿ.

ಹಂತ 8: ಡಿವಿಡಿಗೆ ಬರೆಯುವುದು ನಿಧಾನವಾದರೆ

ಇಮ್ಜ್‌ಬರ್ನ್ ಬರೆಯುವಾಗ ಕೆಳಗೆ ಎರಡು ಪಟ್ಟಿ ತೋರಿಸುತ್ತದೆ: ಬಫರ್ ಮತ್ತು ಡಿವೈಸ್ ಬಫರ್. ಬಫರ್ ಅಂದರೆ ಡೇಟಾ ಸ್ವಲ್ಪ ಹೊತ್ತು ಕಾಯುವ ಜಾಗ. ಮೊದಲನೆಯದು ಕಂಪ್ಯೂಟರಿನಲ್ಲಿರುವುದು, ಎರಡನೆಯದು ಡ್ರೈವಿನೊಳಗಿನದು. ಮೊದಲನೆಯದೇ ಮತ್ತೆ ಮತ್ತೆ ಖಾಲಿಯಾಗಿ 'ವೇಟಿಂಗ್ ಫಾರ್ ಬಫರ್ಸ್ ಟು ರಿಕವರ್' ಅಂತ ಬಂದರೆ ಹಾರ್ಡ್ ಡಿಸ್ಕ್ ಡೇಟಾ ಒದಗಿಸುತ್ತಿಲ್ಲ, ಹಂತ 6 ನೋಡಿ. ಮೊದಲನೆಯದು ತುಂಬಿದ್ದು ಎರಡನೆಯದು ಖಾಲಿಯಾಗುತ್ತಿದ್ದರೆ ನಡುವಿನ ದಾರಿ ಸಣ್ಣದು, ಅಂದರೆ ಹಂತ 4 ಅಥವಾ 5. ಎರಡೂ ತುಂಬಿದ್ದೂ ನಿಧಾನ ಅಂದರೆ ಡ್ರೈವ್ ಮತ್ತು ಖಾಲಿ ಡಿಸ್ಕಿನ ಜೋಡಿಯೇ ಅಷ್ಟು. ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕ್‌ಗಳು ಹೆಚ್ಚಾಗಿ 4ಎಕ್ಸ್‌ನಲ್ಲೇ ಬರೆಯುತ್ತವೆ, ಅದಕ್ಕೆ ಕಂಪ್ಯೂಟರನ್ನು ಬೈಯಬೇಡಿ.

ಸಾವಿರಾರು ಸಣ್ಣ ಫೋಟೋಗಳನ್ನು ನೇರವಾಗಿ ಬರೆಯುವಾಗ ಹಳೇ ಹಾರ್ಡ್ ಡಿಸ್ಕ್ ಒಂದೊಂದನ್ನೂ ಹುಡುಕಿ ಸುಸ್ತಾಗುತ್ತದೆ. ಮೊದಲು ಒಂದು ಐಎಸ್‌ಒ ಫೈಲ್ ಕಟ್ಟಿ, ಆಮೇಲೆ ಅದನ್ನು ಬರೆಯಿರಿ. ವಿಂಡೋಸ್ 7ರಲ್ಲಿ ಖಾಲಿ ಡಿಸ್ಕ್ ಹಾಕಿದಾಗ 'ಯುಎಸ್‌ಬಿ ಫ್ಲ್ಯಾಶ್ ಡ್ರೈವಿನಂತೆ' ಎಂಬ ಆಯ್ಕೆ ಬರುತ್ತದೆ. ಅದನ್ನು ಒತ್ತಿದವರಿಗೇ ಬರೆಯುವುದು ಅತಿ ನಿಧಾನ, ಮೇಲಾಗಿ ಆ ಡಿಸ್ಕ್ ಟಿವಿ ಪಕ್ಕದ ಪ್ಲೇಯರಿನಲ್ಲಿ ಓಡುವುದಿಲ್ಲ. 'ಸಿಡಿ ಡಿವಿಡಿ ಪ್ಲೇಯರ್ ಜೊತೆ' ಎಂಬುದನ್ನೇ ಆರಿಸಿ.

16ಎಕ್ಸ್ ಡಿಸ್ಕ್ ಸಿಕ್ಕಿತು ಅಂತ 16ರಲ್ಲೇ ಬರೆಯಬೇಕಿಲ್ಲ. 8ಎಕ್ಸ್ ಸಾಕು. 16ರಲ್ಲಿ ಬರೆದರೆ ಉಳಿಯುವುದು ಎರಡು ಮೂರು ನಿಮಿಷ, ಹೊರ ಅಂಚಿನಲ್ಲಿ ಬರಹ ಹದಗೆಡುವ ಅಪಾಯ ಮಾತ್ರ ಜಾಸ್ತಿ. ಮಳೆಗಾಲದ ಸಂಜೆ ಯುಪಿಎಸ್ ಇಲ್ಲದೆ ಬರೆಯಲು ಕೂರಬೇಡಿ. ಓದುವಾಗ ಕರೆಂಟ್ ಹೋದರೆ ಮತ್ತೆ ಓದಬಹುದು. ಬರೆಯುವಾಗ ಹೋದರೆ ಆ ಡಿಸ್ಕ್ ಕಸಕ್ಕೆ.

ಹಂತ 9: ಎಲ್ಲ ನೋಡಿದ ಮೇಲೂ ನಿಧಾನವಾದರೆ ಡ್ರೈವ್ ಬದಲಿಸಿ

ಗೀರಿಲ್ಲದ ಡಿಸ್ಕನ್ನೇ ಗುರುತಿಸಲು ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿದರೆ, ಸಿಡಿ ಓದಿ ಡಿವಿಡಿ ಓದದಿದ್ದರೆ, ತಟ್ಟೆ ಹೊರಗೆ ಬರಲು ಮೊಂಡಾಟ ಮಾಡಿದರೆ ಡ್ರೈವಿನ ಆಯಸ್ಸು ಮುಗಿಯುತ್ತಾ ಬಂದಿದೆ. ಬ್ರಷ್ ಇರುವ ಲೆನ್ಸ್ ಕ್ಲೀನರ್ ಡಿಸ್ಕನ್ನು ಒಮ್ಮೆ ಹಾಕಿ ನೋಡಬಹುದು. ಧೂಳಾದರೆ ಹೋಗುತ್ತದೆ, ಲೇಸರ್ ಸೊರಗಿದ್ದರೆ ಏನೂ ಆಗುವುದಿಲ್ಲ.

ಕೊಳ್ಳುವ ಮುಂಚೆ ಹಳೇ ಡ್ರೈವಿನ ಹಿಂಬದಿಯ ಫೋಟೋ ತೆಗೆದುಕೊಂಡು ಹೋಗಿ. ಅಗಲ 40 ಪಿನ್ನಿನದಾದರೆ ಐಡಿಇ, ಸಣ್ಣ ಎಲ್ ಆಕಾರದ ಸಂದು ಇದ್ದರೆ ಸಾಟಾ. ಐಡಿಇ ಡ್ರೈವ್ ಈಗ ಹೊಸದು ಸಿಗುವುದು ಕಷ್ಟ. ಎಸ್.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹುಡುಕಬೇಕು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ನಡೆಯುವ ದೂರ. ನಿಮ್ಮದೇ ಎರಡು ಡಿಸ್ಕ್ ಒಯ್ಯಿರಿ, ಒಂದು ಒಳ್ಳೆಯದು, ಒಂದು ತೊಂದರೆ ಕೊಡುವುದು. "ಅಣ್ಣ, ಇದೆರಡನ್ನೂ ಓದಿಸಿ ತೋರಿಸಿ" ಅಂತ ಕೇಳಿ. ಓದಿಸಿ ತೋರಿಸದ ಅಂಗಡಿಯಲ್ಲಿ ಕೊಳ್ಳಬೇಡಿ. ಕಂಪ್ಯೂಟರಿನಲ್ಲಿ ಯುಎಸ್‌ಬಿ 2.0 ಇದ್ದರೆ ಹೊರಗಿನ ಹೊಸ ಡ್ರೈವ್ ಕೊಳ್ಳುವುದು ಇನ್ನೂ ಸುಲಭ. ನಾಳೆ ಅದನ್ನೇ ಲ್ಯಾಪ್‌ಟಾಪಿಗೂ ಚುಚ್ಚಬಹುದು.

ಹಂತ 10: ಕಾಪಿ ಸರಿಯಾಗಿದೆಯಾ ಅಂತ ನೋಡದೆ ಡಿಸ್ಕ್ ಎಸೆಯಬೇಡಿ

ಬರೆಯುವಾಗ 'ವೆರಿಫೈ' ಗುರುತು ಹಾಕಿಡಿ. ಅದು ಬರೆದದ್ದನ್ನು ಪೂರ್ತಿ ಮತ್ತೊಮ್ಮೆ ಓದಿ ಹೋಲಿಸುತ್ತದೆ, ಹಾಗಾಗಿ ಸಮಯ ಸುಮಾರು ಎರಡರಷ್ಟಾಗುತ್ತದೆ. 'ನಿಧಾನ' ಅಂತ ದೂರುವವರಲ್ಲಿ ಕೆಲವರ ತೊಂದರೆ ಇಷ್ಟೇ. ತೆಗೆಯಬೇಡಿ, ಅದು ಬೇಕಾದ ನಿಧಾನ.

ಡಿಸ್ಕಿನಿಂದ ಮಾಡಿಕೊಂಡ ಐಎಸ್‌ಒ ಫೈಲನ್ನು ವಿಎಲ್‌ಸಿ ಪ್ಲೇಯರಿನಲ್ಲಿ ನೇರವಾಗಿ ತೆರೆಯಬಹುದು, ಮೆನು ಕೂಡ ಬರುತ್ತದೆ. ಮೊದಲ ಐದು ನಿಮಿಷ ನೋಡಿ 'ಬಂತು' ಅಂತ ಮುಚ್ಚಬೇಡಿ. ಒಂದು ಪದರದ ಡಿಸ್ಕಿನಲ್ಲಿ ಕೊನೆಯ ಭಾಗ ಇರುವುದು ಹೊರ ಅಂಚಿನಲ್ಲಿ. ಬೆರಳು ತಾಗುವುದೂ ಅಲ್ಲೇ, ಮೊದಲು ಕೆಡುವುದೂ ಸಾಮಾನ್ಯವಾಗಿ ಅಲ್ಲೇ. ಮದುವೆ ಡಿವಿಡಿಯಾದರೆ ಆರತಕ್ಷತೆ, ಊಟದ ಪಂಕ್ತಿ ಬರುವ ಕೊನೆಯ ಹತ್ತು ನಿಮಿಷ ಪೂರ್ತಿ ಓಡಿಸಿ. ಚಿತ್ರ ಚೌಕ ಚೌಕವಾಗಿ ಒಡೆದರೆ ಹಂತ 3ಕ್ಕೆ ವಾಪಸ್ ಹೋಗಿ, ಈ ಸಲ ಬೇರೆ ಡ್ರೈವಿನಲ್ಲಿ 4ಎಕ್ಸ್‌ಗೆ ಇಳಿಸಿ ಓದಿಸಿ.